ಬೆರಳಿನಾಗ ಹಿಡಿತ ಇಲ್ಲದ ನನ್ನ ತಮ್ಮಗ ಕ್ವೆಸ್ಟ್ 3: ಎಂಟು ತಿಂಗಳು ಬಳಸಿದ ಮ್ಯಾಲ

ನನ್ನ ತಮ್ಮ ಬೈಕ್ ಮ್ಯಾಲಿಂದ ಬಿದ್ದು ಕುತ್ತಿಗಿ ಎಲುಬಿಗೆ ಪೆಟ್ಟಾಗಿ ನಾಲ್ಕು ವರ್ಷ ಆತು. ಡಾಕ್ಟರ್ ಸಿ6 ಅಂತಾರ, ಕುತ್ತಿಗಿಯ ಆರನೇ ಮಟ್ಟ. ಅಂದ್ರ ಭುಜ ಆಡತೈತಿ, ಮೊಣಕೈ ಮಡಚಾಕ ಬರತೈತಿ, ಮಣಿಕಟ್ಟು ಮ್ಯಾಲೆತ್ತಾಕ ಬರತೈತಿ, ಆದ್ರ ಬೆರಳಿನಾಗ ಹಿಡಿತ ಇಲ್ಲ, ಎದಿ ಕೆಳಗ ಸ್ಪರ್ಶಾನೂ ಇಲ್ಲ. ಇಂಥಾವ್ರು ಇರೋ ಮನ್ಯಾಗ ಕ್ವೆಸ್ಟ್ 3ರಂಥಾ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡ್ರ ಆಟದೊಳಗ ಇದ್ದಂಗ ಕಾಣೋದು) ತಗೊಂಡ್ರ ಉಪಯೋಗ ಆಕೈತೇನ್ರಿ ಅಂತ ನಾಕೈದು ಮಂದಿ ಕೇಳಿದ್ರು, ಅದಕ್ಕ ಬರಿಯಾಕತ್ತೇನಿ.

ಹೋದ ವರ್ಷ ಹುಬ್ಬಳ್ಳ್ಯಾಗ ಒಂದು ಗೇಮ್ ಝೋನಿಗೆ ವಿಆರ್ ಆಡಸಾಕ ಅವನ್ನ ಕರಕೊಂಡು ಹೋಗಿದ್ದೆ. ಕೌಂಟರಿನ ಹುಡುಗ ವೀಲ್‌ಚೇರ್ ನೋಡಿ ನನ್ನ ಕಡೆ ತಿರುಗಿ "ಮೇಡಂ, ಇವರಿಗೆ ಆಗಂಗಿಲ್ರಿ, ಇದನ್ನ ನಿಂತ ಆಡಬೇಕ್ರಿ" ಅಂದ. ತಮ್ಮ ಅಲ್ಲೇ ಕುಂತಿದ್ದ, ಅವನ್ನ ಒಂದು ಮಾತು ಕೇಳಲಿಲ್ಲ. ಮನಿಗೆ ಬರೂತನಾ ಅಂವ ಏನೂ ಮಾತಾಡಲಿಲ್ಲ, ನನಗ ಆ ದಿನ ಊಟ ಸೇರಲಿಲ್ಲ. ನಿಂತ ಆಡಬೇಕು ಅನ್ನೋದು ಖರೇನೂ ಅಲ್ಲ. ಭಾಳಷ್ಟು ಆಟ ಕುಂತೂ ಆಡಬಹುದು, ನನ್ನ ತಮ್ಮನಂಥಾವ್ರಿಗೆ ತೊಡಕಾಗೋದು ಕಾಲಲ್ಲ, ಬೆರಳು. ಆಡಾಕ ಕೈಯಾಗ ಹಿಡಿಯೋ ಕಂಟ್ರೋಲರಿನಾಗ ತೋರಬೆರಳಿಗೆ ಒಂದು ಟ್ರಿಗರ್, ನಡುಬೆರಳಿಗೆ ಇನ್ನೊಂದು ಬಟನ್, ಹೆಬ್ಬೆರಳಿಗೆ ಕಡ್ಡಿ, ಹಿಡಿಯಾಕ ಬರೋ ಕೈ ಇರತೈತಿ ಅಂತ ತಿಳಕೊಂಡ ಮಾಡಿದ್ದು ಅದು.

ಅಮೆರಿಕಾದಿಂದ ಬರಾವ್ರ ಕಡೆಯಿಂದ ಕ್ವೆಸ್ಟ್ 3 ತರಿಸಿದ್ವಿ. ಮೊದಲ ಮಾಡಿದ್ದು ಎರಡು ಸೆಟ್ಟಿಂಗ್. ಬೌಂಡರಿ ಸ್ಟೇಷನರಿ ಇಟ್ವಿ, ಕುಂತ ಜಾಗಾದ ಸುತ್ತ ಸಣ್ಣ ವರ್ತುಲ ಅಷ್ಟ, ಖೋಲಿ ಖಾಲಿ ಮಾಡೋದು ಬ್ಯಾಡ. ಆಮ್ಯಾಲ ಆಕ್ಸೆಸಿಬಿಲಿಟಿಯೊಳಗ ಅಡ್ಜಸ್ಟ್ ಹೈಟ್ ಅಂತ ಐತಿ, ಅದನ್ನ ಆನ್ ಮಾಡಿದ್ರ ಕುಂತಾವ್ರಿಗೂ ಆಟದೊಳಗ ನಿಂತಷ್ಟು ಎತ್ತರದಿಂದ ಕಾಣತೈತಿ. ಅಂವ ಹಾಕ್ಕೊಂಡು ಸುತ್ತ ನೋಡಿ "ಅಕ್ಕಾ, ನಾ ನಿಂತೇನಿ" ಅಂದ. ನಾಲ್ಕು ವರ್ಷ ಆಗಿತ್ತು ಅವನ ಬಾಯಾಗ ಆ ಮಾತು ಕೇಳಿ, ನಾ ಒಳಗ ಹೋಗಿ ಸ್ವಲ್ಪ ಹೊತ್ತು ನಿಂತ ಬಂದೆ.

ಕೈಗೆ ಏನ್ ಮಾಡಿದ್ವಿ ಅಂದ್ರ, ದುರ್ಗದಬೈಲ್‌ನಾಗ ಒಬ್ಬ ಟೇಲರ್ ಕಡೆ ಎರಡು ಬೆರಳು ಅಗಲದ ಪಟ್ಟಿ ಹೊಲಿಸಿದ್ವಿ, ಒಳಗ ಮೆತ್ತನ ಅರಿವಿ, ಹೊರಗ ವೆಲ್ಕ್ರೋ, 120 ರೂಪಾಯಿ. ಕಂಟ್ರೋಲರ್ ಅಂಗೈಯಾಗ ಇಟ್ಟು ಅಂಗೈ ಸುತ್ತ ಒಂದು ಸುತ್ತು, ಮಣಿಕಟ್ಟಿಗೆ ಒಂದು ಸುತ್ತು. ಬಿಗಿ ಆಗಬಾರದು, ಯಾಕಂದ್ರ ಅವನ ಬೆರಳಿಗೆ ನೋವು ಗೊತ್ತಾಗಂಗಿಲ್ಲ, ಹತ್ತು ನಿಮಿಷಕ್ಕೊಮ್ಮೆ ನಾ ಬಿಚ್ಚಿ ಚರ್ಮದ ಬಣ್ಣ ನೋಡತೇನಿ.

ಆಟ ಅಂದ್ರ ಮೊದಲ ಬೀಟ್ ಸೇಬರ್, ಹಾಡಿನ ತಾಳಕ್ಕ ಎದುರು ಬರೋ ಡಬ್ಬಿ ಕತ್ತಿಯಿಂದ ಕಡಿಯೋ ಆಟ. ಹಾಡು ಚಾಲೂ ಆದ್ರ ಅದರಾಗ ಬಟನ್ ಒತ್ತೋ ಕೆಲಸಾನ ಇಲ್ಲ, ಕತ್ತಿ ಕೈಗೆ ಅಂಟಿಕೊಂಡ ಇರತೈತಿ, ಭುಜ ಬೀಸಿದ್ರ ಸಾಕು. ಒಂದ ಕತ್ತಿಯಿಂದ ಆಡೋ ಮೋಡ್ ಐತಿ, ನೋ ಆ್ಯರೋಸ್ ಹಚ್ಚಿದ್ರ ಯಾವ ಕಡೆಯಿಂದ ಹೊಡದ್ರೂ ನಡೀತೈತಿ, ಹಾಡು ನಿಧಾನ ಮಾಡಾಕೂ ಬರತೈತಿ. ಮೆನುದಾಗ ಟ್ರಿಗರ್ ನಾ ಒತ್ತತೇನಿ, ಒಳಗಿಂದು ಮೊಬೈಲಿಗೆ ಕಾಸ್ಟ್ ಮಾಡಿಕೊಂಡು ಅಂವ ಏನ್ ನೋಡಾಕತ್ತಾನ ಅಂತ ನಾನೂ ನೋಡತೇನಿ. ಸಿ6ನ್ಯಾಗ ಮೊಣಕೈ ಚಾಚೋ ಸ್ನಾಯುಕ್ಕ ಬಲ ಇರಂಗಿಲ್ಲ, ಹಂಗಾಗಿ ತಲಿ ಮ್ಯಾಲೆತ್ತಿದ ಕೈ ತಾನ ಮಡಚಿ ಧಪ್ ಅಂತ ಹೆಡ್‌ಸೆಟ್ ಮ್ಯಾಲ ಬೀಳತಿತ್ತು. ಈಗ ಕೈಯನ್ನ ಎದಿ ಮಟ್ಟಕ್ಕ ಇಟ್ಟು ಅಡ್ಡ ಬೀಸೋದು ಕಲತಾನ. ಮೊನ್ನೆ ಒಂದು ಹಾಡು ಪೂರ್ತಿ ಮುಗಿಸಿದಾಗ "ಹೊಳ್ಳಿ ಹಚ್ಚ ಅಕ್ಕಾ, ಇನ್ನೊಮ್ಮೆ" ಅಂತ ಮೂರು ಸಲ.

ಎಲ್ಲಾ ಆಟ ಹಿಂಗ ಇಲ್ಲ. ಎರಡೂ ಕೈಯಿಂದ ಹಿಡದು ಎತ್ತಬೇಕು, ಗನ್ ಲೋಡ್ ಮಾಡಬೇಕು ಅನ್ನೋವು ಅವನಿಂದ ಆಗಂಗಿಲ್ಲ. ಮನ್ಯಾಗ ಗೇಮಿಂಗ್ ಪಿಸಿ ಇದ್ರ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡ್ಯಾಗ ವಾಕಿನ್‌ವಿಆರ್ ಅಂತ ಒಂದು ಸಾಫ್ಟ್‌ವೇರ್ ಐತಿ, ಪಾರ್ಶ್ವವಾಯು, ಬೆನ್ನುಹುರಿ ಪೆಟ್ಟು ಇಂಥಾವ್ರಿಗಂತ ಮಾಡಿದ್ದು. ಕುಂತಲ್ಲೇ ಆಟದೊಳಗ ತಿರುಗಬಹುದು, ಬಾಗಬಹುದು, ಬಾಜೂಕ ಕುಂತಾವ್ರು ಎಕ್ಸ್‌ಬಾಕ್ಸ್ ಕಂಟ್ರೋಲರ್ ಹಿಡದು ಅವ್ರಿಗೆ ಜೋಡಿ ಆಗಬಹುದು. ಗೆಳ್ಯಾನ ಪಿಸಿಯಾಗ ಒಂದು ಸಂಜಿ ನೋಡೀವಿ, ಅವಂಗ ಭಾಳ ಸೇರೈತಿ, ಪಿಸಿಗೆ ರೊಕ್ಕ ಕೂಡಸಾಕತ್ತೇವಿ.

ದಯವಿಟ್ಟು ಇದನ್ನ ಓದಲಾರದ ಬಿಡಬ್ಯಾಡ್ರಿ. ಹೆಡ್‌ಸೆಟ್ ತೂಕ 515 ಗ್ರಾಂ, ಅದರಾಗ ಭಾಳಷ್ಟು ಮುಂದ ಬೀಳತೈತಿ, ಕುತ್ತಿಗಿ ಆಪರೇಷನ್ ಆಗಿದ್ರ ಡಾಕ್ಟರ್‌ನ ಕೇಳಿನ ಹಾಕ್ರಿ, ನಾವು ವೀಲ್‌ಚೇರಿಗೆ ಹೆಡ್‌ರೆಸ್ಟ್ ಹಚ್ಚಿಸೀವಿ. ಬೆನ್ನುಹುರಿಗೆ ಎದಿ ಹಿಂದಿನ ಆರನೇ ಮಟ್ಟ, ಅಂದ್ರ ಟಿ6ಕ್ಕ ಇಲ್ಲಾ ಅದಕ್ಕಿಂತ ಮ್ಯಾಲ ಪೆಟ್ಟಾದಾವ್ರಿಗೆ ಮೂತ್ರಕೋಶ ತುಂಬಿದ್ರ, ಮೂತ್ರ ಹೋಗೋ ಕ್ಯಾಥೆಟರ್ ಪೈಪ್ ಮಡಚಿದ್ರ ಬಿಪಿ ಒಮ್ಮೆಲೆ ಏರತೈತಿ, ಜೀವಕ್ಕ ಅಪಾಯ. ಹೆಡ್‌ಸೆಟ್ ಹಾಕ್ಕೊಂಡಾಂವಗ ಪೈಪ್ ಕಾಣಂಗಿಲ್ಲ, ಹಂಗಾಗಿ ಚಾಲೂ ಮಾಡೋ ಮೊದಲ ಮೂತ್ರದ ಚೀಲ ಖಾಲಿ ಮಾಡ್ರಿ, ತಲಿ ಸಿಡದ್ರ, ಮುಖ ಕೆಂಪಾಗಿ ಬೆವತ್ರ ತಕ್ಷಣ ತಗದು, ನೆಟ್ಟಗ ಕುಂದರಿಸಿ ಪೈಪ್ ನೋಡ್ರಿ, ಕಡಿಮಿ ಆಗಲಿಲ್ಲಂದ್ರ ದವಾಖಾನಿಗೆ ಓಡ್ರಿ. ಏಪ್ರಿಲ್‌ದಾಗ ನಮ್ಮ ಕಡೆ ಬಿಸಲು ಗೊತ್ತಲ್ಲ, ಪೆಟ್ಟಾದ ಜಾಗಾದ ಕೆಳಗ ಇವ್ರಿಗೆ ಸರಿಯಾಗಿ ಬೆವರು ಬರಂಗಿಲ್ಲ, ಮೈ ಕಾಯತೈತಿ, ಫ್ಯಾನ್ ಇಲ್ಲದ ಆಡಸಬ್ಯಾಡ್ರಿ. ಬ್ಯಾಟರಿ ಎರಡು ತಾಸು ಬರತೈತಿ, ನಾವು 20 ನಿಮಿಷಕ್ಕ ನಿಲ್ಲಿಸಿ ಅವನ್ನ ಒಂದು ಕಡೆ ವಾಲಿಸಿ ಕುಂಡಿ ಮ್ಯಾಲಿನ ಭಾರ ತಗೀತೇವಿ.

ನಾ ಐದಕ್ಕ ನಾಲ್ಕು ಕೊಡತೇನಿ. ಬಾಜೂಕ ಕುಂದರಾಕ ಒಬ್ರು ಇದ್ರ ತಗೋರ್ರಿ, ಒಬ್ಬಾವನ್ನ ಬಿಟ್ಟು ಹೋಗೋದಿದ್ರ ಬ್ಯಾಡ. ಪಟ್ಟಿ ಹೊಲಸೋದಿದ್ರ ಅಂಗೈ ಸುತ್ತಳತಿ ಹೇಳ್ರಿ, ನಮ್ಮ ಟೇಲರ್ ಕಡೆ ಮಾಡಿಸಿ ಕಳಸತೇನಿ.