ಮೇಜಿನ ಮೇಲೆ ಚೆನ್ನಾಗಿದ್ದ ಟಚ್ ಉಡುಪು ವೇದಿಕೆಯಲ್ಲಿ ಕೈಕೊಡುವುದೇಕೆ

ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿಕೊಂಡು ಪರೀಕ್ಷಿಸಿದ ಟಚ್ ಉಡುಪನ್ನು ನಂಬಿ ದಯವಿಟ್ಟು ಪ್ರದರ್ಶನಕ್ಕೆ ಒಪ್ಪಿಕೊಳ್ಳಬೇಡಿ. ಒಂದು ನೃತ್ಯ ಕಾರ್ಯಕ್ರಮಕ್ಕಾಗಿ ನಾವು ಸಿದ್ಧಪಡಿಸಿದ ಉಡುಪಿನಲ್ಲಿ ಹನ್ನೆರಡು ಕಡೆ ಸೆನ್ಸರ್ ಇತ್ತು. ನರ್ತಕಿ ತನ್ನ ಭುಜ, ಸೊಂಟ, ತೋಳು ಮುಟ್ಟಿಕೊಂಡಂತೆ ಹಿಂದಿನ ಪರದೆಯ ಚಿತ್ರವೂ ಧ್ವನಿಯೂ ಬದಲಾಗಬೇಕು. ಕೇಬಲ್ ಹಾಕಿಕೊಂಡು ನಡೆದ ಎರಡು ವಾರದ ತಾಲೀಮಿನಲ್ಲಿ ಒಂದು ಸಲವೂ ತಪ್ಪಲಿಲ್ಲ. ಪ್ರದರ್ಶನದ ದಿನ ಮೊದಲ ಐದು ನಿಮಿಷ ಎಷ್ಟು ಮುಟ್ಟಿದರೂ ಪರದೆ ಅಲ್ಲಾಡಲಿಲ್ಲ. ಆಮೇಲೆ ಮುಟ್ಟದೆಯೇ ಏಳೆಂಟು ಸೆನ್ಸರ್ ಒಟ್ಟಿಗೆ ಹತ್ತಿಕೊಂಡವು, ಆರಲೇ ಇಲ್ಲ. ಉಳಿದ ಭಾಗವನ್ನು ಕೀಬೋರ್ಡಿನಿಂದ ಕ್ಯೂ ಕೊಟ್ಟು ಮುಗಿಸಬೇಕಾಯಿತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಕಲಾವಿದೆಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ.

ಬಳಸಿದ್ದು ಎಲ್ಲರೂ ಬಳಸುವ ಸಾಮಾನುಗಳೇ: ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡ್, ಹನ್ನೆರಡು ಎಲೆಕ್ಟ್ರೋಡ್ (ಸ್ಪರ್ಶ ಗ್ರಹಿಸುವ ವಾಹಕ ತುಂಡು) ನೋಡಿಕೊಳ್ಳುವ ಎಂಪಿಆರ್121 ಚಿಪ್, ಬೆಳ್ಳಿ ಲೇಪಿಸಿದ ನೈಲಾನ್ ಬಟ್ಟೆಯ 6 × 6 ಸೆಂ.ಮೀ. ತುಂಡುಗಳು, ಸ್ಟೇನ್‌ಲೆಸ್ ಸ್ಟೀಲ್ ದಾರ, 1000 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ. ಸಾಮಾನಿನಲ್ಲಿ ದೋಷ ಇರಲಿಲ್ಲ.

ಮೊದಲ ದೋಷ ಗ್ರೌಂಡಿನದು, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟೇಜಿನ ತಂತಿಯದು; ಹೆಚ್ಚು ಜನ ಬೀಳುವ ಹಳ್ಳವೂ ಇದೇ. ನಮ್ಮ ಉಡುಪಿನಲ್ಲಿದ್ದದ್ದು ಕೆಪ್ಯಾಸಿಟಿವ್ ಸೆನ್ಸರ್. ಅದು ಅಳೆಯುವುದು ಎಲೆಕ್ಟ್ರೋಡಿಗೂ ಸರ್ಕ್ಯೂಟಿನ ಗ್ರೌಂಡಿಗೂ ನಡುವಿನ ಕೆಪ್ಯಾಸಿಟೆನ್ಸನ್ನು, ಅಂದರೆ ಅವೆರಡರ ನಡುವೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯವನ್ನು. ಮೂರು ಪಿನ್ನಿನ ಚಾರ್ಜರಿಗೆ ಸಿಕ್ಕಿಸಿದ ಲ್ಯಾಪ್‌ಟಾಪಿನ ಮೂಲಕ ಆ ಗ್ರೌಂಡ್ ಗೋಡೆಯ ವೈರಿಂಗಿಗೆ, ಅಲ್ಲಿಂದ ಭೂಮಿಗೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ನೆಲದ ಮೇಲೆ ನಿಂತ ಮನುಷ್ಯನ ಮೈಗೂ ಭೂಮಿಗೂ ಸುಮಾರು 100 ಪಿಕೋಫ್ಯಾರಡ್ (ಕೆಪ್ಯಾಸಿಟೆನ್ಸಿನ ಅಳತೆ) ಇರುತ್ತದೆ. ಹಾಗಾಗಿ ಬೆರಳು ತಾಗಿದ ತಕ್ಷಣ ವಿದ್ಯುತ್ತಿನ ಹಾದಿ ಪೂರ್ತಿಯಾಗುತ್ತದೆ. ಕೇಬಲ್ ಕಿತ್ತು ಬ್ಯಾಟರಿಗೆ ಹಾಕಿದಿರೋ, ಗ್ರೌಂಡ್ ಗಾಳಿಯಲ್ಲಿ ತೇಲಿತು. ಆ ಪುಟ್ಟ ಬೋರ್ಡಿಗೆ ಭೂಮಿಯ ಜೊತೆ ಸಂಬಂಧವೇ ಇರುವುದಿಲ್ಲ. ನಮ್ಮ ಉಡುಪಿನಲ್ಲಿ ಭುಜದ ಎಲೆಕ್ಟ್ರೋಡ್ ಯುಎಸ್‌ಬಿಯಲ್ಲಿ ಮುಟ್ಟಿದಾಗ ಬೇಸ್‌ಲೈನಿನಿಂದ, ಅಂದರೆ ಮುಟ್ಟದಿರುವಾಗಿನ ಅಳತೆಯಿಂದ, 40 ಅಂಕ ಇಳಿಯುತ್ತಿತ್ತು, ಬ್ಯಾಟರಿಯಲ್ಲಿ ಬರೀ 9. ಈ ಚಿಪ್ಪಿಗೆಂದು ಅಡಾಫ್ರೂಟ್ ಕಂಪನಿ ಕೊಡುವ ಸಿದ್ಧ ಕೋಡಿನಲ್ಲಿ (ಲೈಬ್ರರಿ) ಮೊದಲೇ ಬರೆದಿಟ್ಟ ಮಿತಿ ಟಚ್‌ಗೆ 12, ರಿಲೀಸ್‌ಗೆ 6. ಒಂಬತ್ತು ಹನ್ನೆರಡನ್ನು ದಾಟುವುದಿಲ್ಲವಲ್ಲ, ಅದಕ್ಕೇ ಪರದೆ ಸುಮ್ಮನಿತ್ತು.

ಇಲ್ಲಿ ಮಿತಿಯನ್ನು 5ಕ್ಕೆ ಇಳಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಹಾಗೆ ಮಾಡಬೇಡಿ, ಉಸಿರಾಡಿದರೂ ಟಚ್ ಬೀಳುತ್ತದೆ. ಸರ್ಕ್ಯೂಟಿನ ಗ್ರೌಂಡನ್ನು ಉಟ್ಟವರ ಚರ್ಮಕ್ಕೇ ಸೇರಿಸಿ. ಸೊಂಟದ ಒಳಭಾಗದಲ್ಲಿ ಮೈಗೆ ತಾಗುವಂತೆ ಎರಡು ಬೆರಳು ಅಗಲದ ಬೆಳ್ಳಿ ನೈಲಾನ್ ಪಟ್ಟಿ ಹೊಲಿದು, ಅದಕ್ಕೆ ಗ್ರೌಂಡ್ ತಂತಿ ಕೊಟ್ಟರೆ ಸಾಕು. ಒಂದು ಮಾತು ಮಾತ್ರ ಮರೆಯುವ ಹಾಗಿಲ್ಲ: ಈ ಪಟ್ಟಿ ಇರುವ ಉಡುಪನ್ನು ಯಾರಾದರೂ ತೊಟ್ಟಿರುವಾಗ ಯುಎಸ್‌ಬಿಯಾಗಲಿ ಚಾರ್ಜರಾಗಲಿ ಸಿಕ್ಕಿಸಲೇಬಾರದು. ಕೆಟ್ಟ ಚಾರ್ಜರಿನಲ್ಲಿ ಸೋರುವ ಕರೆಂಟು ನೇರ ಮೈಗೆ ಬರುತ್ತದೆ.

ಎರಡನೆಯ ದೋಷ ಎಲೆಕ್ಟ್ರೋಡಿನ ಬೆನ್ನಿಗೇ ಇರುವ ಮೈ. ಲೆಕ್ಕ ಹಾಕಿ ನೋಡಿ. 6 × 6 ಸೆಂ.ಮೀ. ತುಂಡು ಮೈಯಿಂದ 1 ಮಿ.ಮೀ. ದೂರದಲ್ಲಿದ್ದರೆ, ನಡುವೆ ಗಾಳಿ ಮಾತ್ರ ಇದೆ ಅಂದುಕೊಂಡರೂ 32 ಪಿಕೋಫ್ಯಾರಡ್. ಬಟ್ಟೆ ಸಡಿಲವಾಗಿ 2 ಮಿ.ಮೀ. ಆದರೆ 16. ಬೆರಳ ತುದಿ ತಾಗಿದಾಗ ಕೂಡುವುದು ಕೆಲವೇ ಪಿಕೋಫ್ಯಾರಡ್. ಅಂದರೆ ರವಿಕೆ ಒಂದು ಕೂದಲೆಳೆ ಜರುಗಿದರೂ ಮುಟ್ಟಿದ್ದಕ್ಕಿಂತ ದೊಡ್ಡ ಬದಲಾವಣೆ. ಇದಕ್ಕೆ ಪರಿಹಾರ ಪದರಗಳು: ಹೊರಗೆ ಎಲೆಕ್ಟ್ರೋಡ್, ಅದರ ಹಿಂದೆ 3 ಮಿ.ಮೀ. ಫೆಲ್ಟ್, ಅದರ ಹಿಂದೆ ಎಲೆಕ್ಟ್ರೋಡಿಗಿಂತ ಸುತ್ತಲೂ 1 ಸೆಂ.ಮೀ. ದೊಡ್ಡದಾದ ಇನ್ನೊಂದು ವಾಹಕ ಬಟ್ಟೆ, ಅದಕ್ಕೆ ಗ್ರೌಂಡ್. ಈಗ ಎಲೆಕ್ಟ್ರೋಡಿಗೆ ಮೈ ಕಾಣಿಸುವುದಿಲ್ಲ, ಸ್ಥಿರವಾದ ಗ್ರೌಂಡ್ ಮಾತ್ರ ಕಾಣಿಸುತ್ತದೆ. ಮೈಗೂ ಅದೇ ಗ್ರೌಂಡ್ ಇರುವುದರಿಂದ ಹಿಂದಿನ ಪದರ ಚರ್ಮಕ್ಕೆ ತಾಗಿದರೂ ತೊಂದರೆಯಿಲ್ಲ. ಚಿಪ್ಪಿನಿಂದ ಎಲೆಕ್ಟ್ರೋಡಿಗೆ ಹೋಗುವ ದಾರವೂ ಸೆನ್ಸರೇ ಎಂಬುದು ನೆನಪಿರಲಿ, ಅದನ್ನು ಗಿಡ್ಡವಾಗಿಡಿ. ಪ್ರತಿ ಎಲೆಕ್ಟ್ರೋಡಿನ ಸಾಲಿನಲ್ಲಿ 1 ಕಿಲೋಓಮ್ ರೆಸಿಸ್ಟರ್ ಇದ್ದರೆ ರೇಷ್ಮೆ, ಪಾಲಿಯೆಸ್ಟರ್ ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತಿನಿಂದ ಚಿಪ್ ಸುಡುವುದು ತಪ್ಪುತ್ತದೆ.

ಬೆವರಿನ ಕಥೆ ಬೇರೆ. ಮುಟ್ಟದೆಯೇ ಎಲ್ಲವೂ ಹತ್ತಿಕೊಂಡಿದ್ದು ಇದರಿಂದ. ಬೆವರು ಉಪ್ಪುನೀರು. ಹತ್ತಿಯ ಅಸ್ತರು ಒದ್ದೆಯಾಯಿತೆಂದರೆ ಬರಿದಾಗಿ ಹೊಲಿದ ಸ್ಟೀಲ್ ದಾರಕ್ಕೂ ಮೈಗೂ ನೇರ ಸಂಪರ್ಕ, ಒಂದು ದಾರಕ್ಕೂ ಪಕ್ಕದ ದಾರಕ್ಕೂ ಸಂಪರ್ಕ. ಚಿಪ್ಪಿನ ದೃಷ್ಟಿಯಲ್ಲಿ ಅದೆಲ್ಲ ಗಟ್ಟಿಯಾಗಿ ಒತ್ತಿಹಿಡಿದ ಕೈ. ದಾರದ ಒಳಬದಿಗೆ ಟೀ-ಶರ್ಟ್ ಪ್ರಿಂಟಿಗೆ ಬಳಸುವ ವಿನೈಲ್ ಹಾಳೆಯನ್ನು ಇಸ್ತ್ರಿ ಹಾಕಿ ಅಂಟಿಸಿ. ಹಿಂದಿನ ಗ್ರೌಂಡ್ ಪದರಕ್ಕೂ ಫೆಲ್ಟಿಗೂ ನಡುವೆ ರೇನ್‌ಕೋಟ್ ಬಟ್ಟೆಯ ಒಂದು ತುಂಡು ಇಡಿ. ದರ್ಜಿಗಳು ಕಾಲರಿಗೆ ಹಾಕುವ ಫ್ಯೂಸಿಂಗ್ ಇದಕ್ಕೆ ಆಗುವುದಿಲ್ಲ, ನೀರು ಹೀರುತ್ತದೆ. ದಾರದ ಗಂಟಿನ ಮೇಲೆ ಒಂದು ಹನಿ ಬಣ್ಣವಿಲ್ಲದ ನೇಲ್ ಪಾಲಿಶ್ ಬಿಟ್ಟು, ಬಾಲವನ್ನು ಒಣಗಿದ ಮೇಲೆ ಬುಡಕ್ಕೆ ಕತ್ತರಿಸಿ. ಸ್ಟೀಲ್ ದಾರ ಗಂಟು ಬಿಚ್ಚಿಕೊಳ್ಳುವುದರಲ್ಲಿ ನಿಸ್ಸೀಮ, ಎದ್ದ ಎಳೆ ಪಕ್ಕದ ಸಾಲಿಗೆ ತಾಗುತ್ತದೆ.

ನಮ್ಮ ನೃತ್ಯದ ಉಡುಗೆ ತೊಡುಗೆಯಲ್ಲೇ ಇರುವ ಅಪಾಯಗಳು ಯಾವ ಟ್ಯುಟೋರಿಯಲ್‌ನಲ್ಲೂ ಸಿಗುವುದಿಲ್ಲ. ಜರಿ ಲೋಹ. ಮೈಸೂರು ರೇಷ್ಮೆ ಸೀರೆಯ ಅಸಲಿ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಅಂಥ ಅಂಚು ಎರಡು ಎಲೆಕ್ಟ್ರೋಡುಗಳ ಮೇಲೆ ಹಾದರೆ ಎರಡೂ ಒಂದೇ ಆಗಿಬಿಡುತ್ತವೆ. ತಾಮ್ರದ ಜರಿಯೂ ಹಾಗೆಯೇ. ಹೊಲಿಯುವ ಮೊದಲು ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಅಂಚಿನ ಉದ್ದಕ್ಕೂ ಮುಟ್ಟಿಸುತ್ತಾ ಹೋಗಿ. ಆಮೇಲೆ ಸೇಫ್ಟಿ ಪಿನ್ನು. ಬಣ್ಣದ ಕೋಣೆಯಲ್ಲಿ ಕೊನೆ ಗಳಿಗೆಗೆ ಸೆರಗು ನಿಲ್ಲಲಿಲ್ಲವೆಂದು ಹಾಕಿದ ಒಂದು ಪಿನ್ನು ಎಲೆಕ್ಟ್ರೋಡನ್ನು ಗ್ರೌಂಡ್ ಪದರಕ್ಕೆ ಚುಚ್ಚಿಬಿಟ್ಟರೆ ಆ ಸೆನ್ಸರ್ ಮುಗಿಯಿತು. ಅದೇ ಪಿನ್ನು ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ. ಬ್ಯಾಟರಿ ಬಟ್ಟೆಯ ಜೇಬಿನಲ್ಲಿ ಇರಲೇಕೂಡದು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿರಬೇಕು. ಅದು ಬೆನ್ನೆಲುಬಿನ ಮೇಲೆ ಬರದೆ ಸೊಂಟದ ಪಕ್ಕಕ್ಕೆ ಬರಲಿ. ಉಡಿಸುವವರನ್ನು ಒಂದು ದಿನ ಮೊದಲೇ ಕರೆದು, ಪಿನ್ನು ಹಾಕಬಹುದಾದ ಜಾಗಗಳಿಗೆ ಒಳಗಿನಿಂದ ಬಣ್ಣದ ದಾರದ ಗುರುತು ಹಾಕಿ ತೋರಿಸಿ.

ವಿದ್ಯುತ್ ಪೂರೈಕೆಗೆ ವಾಹಕ ದಾರ ಹೊಲಿಯುವ ತಪ್ಪನ್ನು ನಾವು ಮಾಡಿರಲಿಲ್ಲ, ಆದರೆ ತುಂಬ ಕಡೆ ಕಾಣುತ್ತದೆ. ತೆಳು ಸ್ಟೀಲ್ ದಾರದ ರೋಧ ಅಡಿಗೆ 16 ಓಮ್‌ನಷ್ಟಿರುತ್ತದೆ. ವೈಫೈ ಕಳಿಸುವ ಕ್ಷಣದಲ್ಲಿ ಇಎಸ್‌ಪಿ32 ಸುಮಾರು 240 ಮಿಲಿಆಂಪಿಯರ್ ಎಳೆಯುತ್ತದೆ. ಅಷ್ಟು ಎಳೆದರೆ ಒಂದಡಿ ದಾರವೇ 3.8 ವೋಲ್ಟ್ ನುಂಗಬೇಕು, ಬ್ಯಾಟರಿಯಲ್ಲಿರುವುದೇ 3.7. ಸಿಲಿಕೋನ್ ಹೊದಿಕೆಯ ಎಳೆ ತಂತಿ ಬಳಸಿ.

ವೈಫೈ ಕೂಡ ಖಾಲಿ ಸಭಾಂಗಣದಲ್ಲಿ ಒಂದು ಥರ, ತುಂಬಿದಾಗ ಇನ್ನೊಂದು ಥರ. ಇಎಸ್‌ಪಿ32 ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಪ್ರೇಕ್ಷಕರ ಫೋನು, ಬ್ಲೂಟೂತ್ ಎಲ್ಲ ಅಲ್ಲೇ ಕಿಕ್ಕಿರಿದಿರುತ್ತವೆ. ನಾವು ಮುಟ್ಟಿದಾಗ ಒಂದು, ಬಿಟ್ಟಾಗ ಒಂದು ಯುಡಿಪಿ ಸಂದೇಶ (ತಲುಪಿತೋ ಇಲ್ಲವೋ ನೋಡದೆ ಕಳಿಸುವಂಥದ್ದು) ಕಳಿಸುತ್ತಿದ್ದೆವು. ಬಿಟ್ಟ ಸಂದೇಶ ದಾರಿಯಲ್ಲಿ ಕಳೆದರೆ ಪರದೆಯ ಚಿತ್ರ ನಿಂತಲ್ಲೇ ನಿಲ್ಲುತ್ತದೆ. ಹನ್ನೆರಡೂ ಸೆನ್ಸರುಗಳ ಸ್ಥಿತಿಯನ್ನು ಒಟ್ಟಾಗಿ ಪ್ರತಿ 20 ಮಿಲಿಸೆಕೆಂಡಿಗೆ ಕಳಿಸುತ್ತಲೇ ಇದ್ದರೆ ನಾಲ್ಕಾರು ಕಳೆದರೂ ಗೊತ್ತಾಗುವುದಿಲ್ಲ. ಬೋರ್ಡಿನ ಆಂಟೆನಾ ಒಡ್ಯಾಣದ ಅಡಿಗೆ ಬರದಂತೆ ನೋಡಿಕೊಳ್ಳಿ. ಲೋಹದ ಒಡ್ಯಾಣವೂ ಅದರ ಹಿಂದಿನ ನೀರು ತುಂಬಿದ ಮೈಯೂ ಸೇರಿ ಸಿಗ್ನಲನ್ನು ಮುಚ್ಚಿಬಿಡುತ್ತವೆ.

ಇನ್ನೊಂದು ಉಡುಪು ಮಾಡುವುದಾದರೆ ಏಕವ್ಯಕ್ತಿ ನೃತ್ಯಕ್ಕೆ ಕೆಪ್ಯಾಸಿಟಿವ್ ಬೇಡ ಎಂಬುದೇ ನಮ್ಮ ನಿಲುವು. ಎರಡು ವಾಹಕ ಬಟ್ಟೆಗಳ ನಡುವೆ ಒತ್ತಿದಾಗ ರೋಧ ಇಳಿಯುವ ವೆಲೋಸ್ಟಾಟ್ ಹಾಳೆ ಇಟ್ಟು, ಸುತ್ತ ವಿನೈಲಿನಿಂದ ಮುಚ್ಚಿ, 10 ಕಿಲೋಓಮ್ ರೆಸಿಸ್ಟರಿನ ಜೊತೆ ವೋಲ್ಟೇಜ್ ಡಿವೈಡರ್ (ವೋಲ್ಟೇಜ್ ಹಂಚುವ ಜೋಡಣೆ) ಮಾಡಿದರೆ ಒತ್ತಿದ್ದು ಮಾತ್ರ ಗೊತ್ತಾಗುತ್ತದೆ. ಬೆವರು, ಗ್ರೌಂಡು ಯಾವುದರ ಹಂಗೂ ಇಲ್ಲ. ಮೊಣಕೈಯಂಥ ಮಡಚುವ ಜಾಗ ಬಿಟ್ಟು ಭುಜ, ತೊಡೆಯಲ್ಲಿ ಹೊಲಿಯಿರಿ. ಆ ವೋಲ್ಟೇಜನ್ನು ಓದಲು ಬೋರ್ಡಿನ ಜಿಪಿಐಒ 32ರಿಂದ 39ರೊಳಗಿನ ಎಡಿಸಿ1 (ವೋಲ್ಟೇಜ್ ಅಳೆಯುವ ಮೊದಲ ಗುಂಪು) ಪಿನ್ನುಗಳನ್ನೇ ಬಳಸಿ, ವೈಫೈ ಚಾಲೂ ಇದ್ದಾಗ ಎಡಿಸಿ2 ಓದಲಾಗುವುದಿಲ್ಲ. ಬರೀ ಸವರಿದರೂ ತಿಳಿಯಲೇಬೇಕು ಎನ್ನುವ ಪ್ರದರ್ಶನವಾದರೆ ಮಾತ್ರ ಕೆಪ್ಯಾಸಿಟಿವ್. ಆಗ ಸ್ವಿಚ್ ಹಾಕುವುದು ಪೂರ್ತಿ ಉಟ್ಟ ಮೇಲೆ, ಎರಡೂ ಕೈ ಮೈಯಿಂದ ದೂರ ಚಾಚಿ, ಮೂರು ಸೆಕೆಂಡು ಅಲ್ಲಾಡದೆ ನಿಂತು. ಚಿಪ್ ಆ ಗಳಿಗೆಯಲ್ಲಿ ಕಂಡದ್ದನ್ನೇ ಬೇಸ್‌ಲೈನ್ ಎಂದುಕೊಳ್ಳುತ್ತದೆ. ಬೆವರು ಬಂದಮೇಲೆ ಮತ್ತೆ ಅಳೆಯಲು ಆಪರೇಟರ್ ಬಳಿ ಒಂದು ರೀಸೆಟ್ ಗುಂಡಿಯೂ, ನೃತ್ಯದ ನಡುವೆ ಕೈ ಚಾಚಿ ನಿಲ್ಲುವ ಒಂದು ಭಂಗಿಯೂ ಇರಲಿ. ಆ ಭಂಗಿ ಎಲ್ಲಿ ಬರಬೇಕೆಂದು ನೃತ್ಯ ಸಂಯೋಜಕರ ಜೊತೆ ಮೊದಲ ವಾರವೇ ಮಾತಾಡಿಕೊಳ್ಳಿ.