ಮೆಡಿಕಲ್ ಶಾಪಿನ ಜೀರ್ಣದ ಸಿರಪ್: ಯಾರಿಗೆ ಬೇಕು, ಯಾರಿಗೆ ಬೇಡ

"ಊಟ ಜೀರ್ಣ ಆಗ್ತಿಲ್ಲ, ಏನಾದ್ರೂ ಕೊಡಿ" ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು 200 ಮಿ.ಲೀ. ಸಿರಪ್ ಬಾಟಲಿ. ಕಂಪನಿ ಯಾವುದೇ ಇರಲಿ, ಹಿಂಬದಿಯ ಲೇಬಲ್ ಬಹುಮಟ್ಟಿಗೆ ಒಂದೇ: ಫಂಗಲ್ ಡಯಾಸ್ಟೇಸ್ (1:1200) 50 ಮಿ.ಗ್ರಾಂ, ಪೆಪ್ಸಿನ್ (1:3000) 10 ಮಿ.ಗ್ರಾಂ, ಉಳಿದದ್ದು ರುಚಿ ಮತ್ತು ಬಣ್ಣ ಸೇರಿಸಿದ ಪಾಕ. ಡಯಾಸ್ಟೇಸ್ ಪಿಷ್ಟವನ್ನು ಒಡೆಯುವ ಕಿಣ್ವ, ಪೆಪ್ಸಿನ್ ಪ್ರೋಟೀನನ್ನು ಒಡೆಯುವ ಕಿಣ್ವ. ಈ ಪ್ರಮಾಣ 5 ಮಿ.ಲೀ.ಗೋ 10 ಮಿ.ಲೀ.ಗೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು. ಎರಡು ಬಾಟಲಿಗಳ ಬೆಲೆ ಹೋಲಿಸುವ ಮೊದಲು ಆ ಸಂಖ್ಯೆ ನೋಡಿ.

1:1200 ಎಂದರೇನು? ಪ್ರಯೋಗಶಾಲೆಯ ಪರೀಕ್ಷೆಯಲ್ಲಿ 1 ಗ್ರಾಂ ಡಯಾಸ್ಟೇಸ್ 1200 ಗ್ರಾಂ ಪಿಷ್ಟವನ್ನು ಒಡೆಯುತ್ತದೆ ಎಂದು ಅರ್ಥ. ಹಾಗಾದರೆ 50 ಮಿ.ಗ್ರಾಂಗೆ 60 ಗ್ರಾಂ ಪಿಷ್ಟ. ಸುಮಾರು 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಹತ್ತಿರಹತ್ತಿರ ಅಷ್ಟೇ ಪಿಷ್ಟವಿರುತ್ತದೆ. ಪೆಪ್ಸಿನ್ ಲೆಕ್ಕವೂ ಹೀಗೆಯೇ: 10 ಮಿ.ಗ್ರಾಂ, 30 ಗ್ರಾಂ ಬೇಯಿಸಿದ ಮೊಟ್ಟೆಯ ಬಿಳಿಭಾಗಕ್ಕೆ. ಕಾಗದದ ಮೇಲೆ ಒಂದು ಚಮಚಕ್ಕೆ ಒಂದು ಮುದ್ದೆ ಕರಗಬೇಕು. ಹೊಟ್ಟೆಯಲ್ಲಿ ಲೆಕ್ಕ ಹೀಗೆ ನಡೆಯುವುದಿಲ್ಲ, ಏಕೆಂದರೆ ಪರೀಕ್ಷೆಯಲ್ಲಿ ಪ್ರತಿ ಕಿಣ್ವಕ್ಕೂ ಅದಕ್ಕೆ ಒಗ್ಗುವ ಹುಳಿ ಮತ್ತು ಬಿಸಿ ಒದಗಿಸಿರುತ್ತಾರೆ.

ಈ ಸಿರಪ್ಪಿನ ದೊಡ್ಡ ತೊಡಕು ಇಲ್ಲೇ ಇದೆ. ಡಯಾಸ್ಟೇಸ್ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5ರ ಆಸುಪಾಸಿನಲ್ಲಿ (ಪಿಎಚ್ ಎಂದರೆ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು). ಖಾಲಿ ಜಠರದ ಪಿಎಚ್ 1.5ರಿಂದ 2. ಆ ಆಮ್ಲದಲ್ಲಿ ಅದು ಕೆಟ್ಟುಹೋಗುತ್ತದೆ. ಪೆಪ್ಸಿನ್‌ಗೆ ಇದರ ತದ್ವಿರುದ್ಧ, ಅದಕ್ಕೆ ಆ ಗಟ್ಟಿ ಆಮ್ಲವೇ ಬೇಕು. ಒಬ್ಬರಿಗೆ ಅನುಕೂಲವಾದರೆ ಇನ್ನೊಬ್ಬರಿಗೆ ಕೆಲಸವಿಲ್ಲ. ನಮ್ಮ ದೇಹ ಈ ಎರಡು ಕೆಲಸಗಳನ್ನು ಒಂದೇ ಕಡೆ ಮಾಡಿಸುವುದಿಲ್ಲ. ಪಿಷ್ಟ ಒಡೆಯುವ ಕೆಲಸ ಬಾಯಿಯಲ್ಲಿ ಜೊಲ್ಲಿನಿಂದ ಶುರುವಾಗಿ, ಜಠರದಲ್ಲಿ ಬಹುಪಾಲು ನಿಂತು, ಸಣ್ಣ ಕರುಳಿನ ಮೊದಲ 25 ಸೆಂ.ಮೀ.ನಲ್ಲಿ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಷಾರೀಯ ರಸ ಆಮ್ಲವನ್ನು ತಣಿಸಿದ ಮೇಲೆ ಮತ್ತೆ ಜೋರಾಗುತ್ತದೆ. ಪ್ರೋಟೀನಿನ ಮೊದಲ ಕಡಿತ ಮಾತ್ರ ಜಠರದ ಪಾಲು.

"ಊಟದ ನಂತರ" ಎಂಬ ಸೂಚನೆಗೂ ಇದೇ ಕಾರಣ. ಉಂಡ ಕೂಡಲೇ ಅನ್ನ, ಸಾರು ಸೇರಿ ಜಠರದ ಪಿಎಚ್ ಸ್ವಲ್ಪ ಹೊತ್ತು 4–5ಕ್ಕೆ ಏರುತ್ತದೆ. ಡಯಾಸ್ಟೇಸ್‌ಗೆ ಸಿಗುವ ಸಮಯ ಅಷ್ಟೇ. ಊಟವಾಗಿ ಎರಡು ಗಂಟೆ ಕಳೆದು, ಹೊಟ್ಟೆ ಭಾರವಾಯಿತೆಂದು ಕುಡಿದರೆ ಹೆಚ್ಚಿನದು ದಂಡ. ಇನ್ನು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಇದೇ ಸಿರಪ್ ಕುಡಿಯುವವರು ಬಹಳ. ಮಾತ್ರೆ ಆಮ್ಲ ಇಳಿಸಿದ ಮೇಲೆ ಪೆಪ್ಸಿನ್ ಹೆಚ್ಚುಪಾಲು ಸುಮ್ಮನೆ ಕೂರುತ್ತದೆ. ಊಟದ ಮೇಲೆ ಆಂಟಾಸಿಡ್ ಜೆಲ್ ಕುಡಿದರೂ ಅಷ್ಟೇ.

ಕಿಣ್ವದ ಕೊರತೆ ನಮಗೆ ನಿಜವಾಗಿ ಇದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಮೇದೋಜೀರಕ ಗ್ರಂಥಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ರಸ ಸುರಿಸುತ್ತದೆ. ಅದರ ಕಿಣ್ವ ಉತ್ಪಾದನೆ ಶೇ. 10ಕ್ಕಿಂತ ಕೆಳಗಿಳಿದಾಗಲೇ ಕೊಬ್ಬು ಜೀರ್ಣವಾಗದೆ ಮಲದಲ್ಲಿ ಹೋಗತೊಡಗುವುದು. ಅಷ್ಟು ದೊಡ್ಡ ದಾಸ್ತಾನು ಒಳಗಿದೆ. ಮುದ್ದೆಯನ್ನೇ ನೋಡಿ: ಅದನ್ನು ಅಗಿಯದೆ ನುಂಗುತ್ತೇವೆ, ಜೊಲ್ಲಿನ ಕಿಣ್ವಕ್ಕೆ ಹೆಚ್ಚು ಅವಕಾಶವೇ ಇಲ್ಲ. ಆದರೂ ಅದು ಕರಗುತ್ತದೆ, ಏಕೆಂದರೆ ಪಿಷ್ಟದ ಮುಖ್ಯ ಕೆಲಸ ಕರುಳಿನಲ್ಲಿ ಆಗುತ್ತದೆ. ಅಲ್ಲಿಂದ ಮುಂದೆ ಮಾಲ್ಟೇಸ್, ಸುಕ್ರೇಸ್‌ಗಳು ಕರುಳಿನ ಒಳಗೋಡೆಯಲ್ಲೇ ನೆಟ್ಟುಕೊಂಡಿವೆ. ಸಣ್ಣ ತುಣುಕುಗಳನ್ನು ಗ್ಲೂಕೋಸ್ ಆಗಿಸುವುದು ಅವು. ಗ್ಲೂಕೋಸ್ ಸೋಡಿಯಂ ಜೊತೆಗೂಡಿ ಜೀವಕೋಶದೊಳಗೆ ಹೋಗಿ ರಕ್ತ ಸೇರುತ್ತದೆ. ಈ ಕೊನೆಯ ಹಂತಕ್ಕೆ ಬಾಟಲಿಯಲ್ಲಿ ಏನೂ ಇಲ್ಲ. "ಸಿರಪ್ ಕುಡಿದರೆ ಮೈಗೆ ಹತ್ತುತ್ತೆ" ಎಂದು ಮಕ್ಕಳಿಗೆ ಕುಡಿಸುವವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ.

ನಿಮ್ಮ ದೂರನ್ನೂ ಲೇಬಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೋಳಿಗೆಗೆ ತುಪ್ಪ ಸುರಿದುಕೊಂಡು ಉಂಡ ಮೇಲೆ, ಇಲ್ಲವೇ ಬಿರಿಯಾನಿ ತಿಂದ ಮೇಲೆ ಬರುವ ಭಾರಕ್ಕೆ ಕೊಬ್ಬು ಕಾರಣ. ಕೊಬ್ಬು ಕರುಳಿಗೆ ಇಳಿದೊಡನೆ ಅಲ್ಲಿಂದ ಹೊರಡುವ ಹಾರ್ಮೋನು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಕೊಬ್ಬನ್ನು ಒಡೆಯುವ ಲೈಪೇಸ್ ಈ ಸಿರಪ್ಪಿನಲ್ಲಿ ಇಲ್ಲ. ಕಡಲೆಕಾಳು, ಅಲಸಂದೆ, ಅವರೆಕಾಳು ತಿಂದಾಗಿನ ವಾಯುವಿಗೆ ರಾಫಿನೋಸ್ ಜಾತಿಯ ಸಕ್ಕರೆಗಳು ಕಾರಣ. ಅವನ್ನು ಒಡೆಯುವ ಕಿಣ್ವ ಮನುಷ್ಯರ ಕರುಳಿನಲ್ಲೇ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ತಿಂದು ಗಾಳಿ ಬಿಡುತ್ತವೆ. ಡಯಾಸ್ಟೇಸ್ ಅವನ್ನು ಮುಟ್ಟುವುದಿಲ್ಲ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುವುದು ಇದಕ್ಕೆ ಸಿರಪ್ಪಿಗಿಂತ ಎಷ್ಟೋ ಮೇಲು. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರಿಗೆ ಬೇಕಾದದ್ದು ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್. ಅದೂ ಇದರಲ್ಲಿಲ್ಲ. ಅವರಲ್ಲಿ ಹಲವರಿಗೆ ಮೊಸರು ಒಗ್ಗುತ್ತದೆ, ಹೆಪ್ಪಿನ ಬ್ಯಾಕ್ಟೀರಿಯಾಗಳೇ ಆ ಕಿಣ್ವವನ್ನು ತಂದುಕೊಡುವುದರಿಂದ.

ಹಾಗಾದರೆ ಕುಡಿದವರಿಗೆ ಹಾಯೆನಿಸುವುದು ಸುಳ್ಳೇ? ಸುಳ್ಳೆನ್ನಲಾರೆವು. ಏಲಕ್ಕಿ, ಸೋಂಪಿನ ಸುವಾಸನೆ ಇರುವ ಸಿರಪ್ಪಿನಿಂದ ತೇಗು ಬಂದು ಹಗುರಾಗಬಹುದು. ಅಷ್ಟಕ್ಕೇ ಆದರೆ ಅಡುಗೆಮನೆಯ ಅರ್ಧ ಚಮಚ ಓಂಕಾಳು ಸಾಕು.

ಬಾಟಲಿಯೊಳಗಿನ ಡಯಾಸ್ಟೇಸ್ ಜೀವಂತವಾಗಿದೆಯೇ ಎಂದು ಮನೆಯಲ್ಲೇ ನೋಡಬಹುದು. ಉಗುರುಬೆಚ್ಚಗಿನ ಗಂಜಿ ತಿಳಿಯನ್ನು ಎರಡು ಲೋಟಗಳಿಗೆ ನಾಲ್ಕು ನಾಲ್ಕು ಚಮಚ ಹಾಕಿ. ಒಂದಕ್ಕೆ ಒಂದು ಚಮಚ ಸಿರಪ್ ಬೆರೆಸಿ. ಇನ್ನೊಂದಕ್ಕೆ, ಸ್ವಲ್ಪ ನೀರು ಸೇರಿಸಿ ಐದು ನಿಮಿಷ ಕುದಿಸಿ ಆರಿಸಿದ ಒಂದು ಚಮಚ ಸಿರಪ್. ಎರಡನ್ನೂ ಅರ್ಧ ಗಂಟೆ ಬೆಚ್ಚಗಿನ ನೀರಿನಲ್ಲಿ ಇಡಿ. ಆಮೇಲೆ ಬಿಳಿ ತಟ್ಟೆಯ ಮೇಲೆ ಪ್ರತಿಯೊಂದರ ನಾಲ್ಕು ಹನಿ ಬಿಟ್ಟು, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಒಂದೊಂದು ಹನಿ ಹಾಕಿ. ಕುದಿಸಿದ್ದು ಕಡುನೀಲಿಯಾಗಿ, ಕುದಿಸದ್ದು ಕಂದುಬಣ್ಣದಲ್ಲೇ ಉಳಿದರೆ ಕಿಣ್ವ ಸರಿಯಿದೆ. ಎರಡೂ ನೀಲಿಯಾದರೆ ಕಿಣ್ವ ಸತ್ತಿರುವ ಸಂಭವ ಹೆಚ್ಚು. ದ್ರವರೂಪದ ಕಿಣ್ವ ಬಿಸಿಗೆ ಬೇಗ ಸೋಲುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ, ಒಲೆ ಪಕ್ಕದ ಗೂಡಿನಲ್ಲಿ ಇಡಬೇಡಿ. ಪರೀಕ್ಷೆ ಮಾಡಿದ ಗಂಜಿಯನ್ನು ಚೆಲ್ಲಿಬಿಡಿ.

ಕೊಳ್ಳುವ ಮುಂಚೆ ಸಣ್ಣಕ್ಷರಗಳನ್ನೂ ಓದಿ. ಸಕ್ಕರೆ ಪಾಕದ್ದಾದರೆ ಮಧುಮೇಹಿಗಳಿಗೆ ಬೇಡ. "ಶುಗರ್ ಫ್ರೀ" ಎಂದಿದ್ದು ಸಕ್ಕರೆಯ ಬದಲು ಸಾರ್ಬಿಟಾಲ್ ಎಂಬ ಸಿಹಿಕಾರಕ ಬಳಸಿದ್ದರೆ, ಆ ಸಾರ್ಬಿಟಾಲೇ ಕೆಲವರಿಗೆ ಹೊಟ್ಟೆ ಉಬ್ಬರಿಸಿ ಭೇದಿ ತರುತ್ತದೆ. ಉಬ್ಬರಕ್ಕೆಂದು ಕುಡಿದ ಸಿರಪ್ಪಿನಿಂದಲೇ ಉಬ್ಬರ! ಸಸ್ಯಾಹಾರಿಗಳೂ ಮುಸ್ಲಿಮರೂ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಡಯಾಸ್ಟೇಸ್ ಬರುವುದು ಬೂಷ್ಟಿನಿಂದ; 1894ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ. ಪೆಪ್ಸಿನ್ ಮಾತ್ರ ಸಾಮಾನ್ಯವಾಗಿ ಹಂದಿಯ ಜಠರದ ಒಳಪೊರೆಯಿಂದ. ಪಪ್ಪಾಯಿಯ ಕಿಣ್ವ ಪಪೇನ್ ಇರುವ ಮಾತ್ರೆಗಳು ಬೇರೆ ಸಿಗುತ್ತವೆ. ಅವುಗಳಲ್ಲಿ ಇದ್ದಿಲು ಸೇರಿದ್ದರೆ ಬೇರೆ ಔಷಧಿಗಳಿಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ, ಇಲ್ಲವಾದರೆ ಇದ್ದಿಲು ಆ ಔಷಧಿಯನ್ನೂ ಹೀರಿಕೊಳ್ಳುತ್ತದೆ.

ಕಿಣ್ವ ನಿಜಕ್ಕೂ ಬೇಕಾದವರು ಇದ್ದಾರೆ. ದೀರ್ಘಕಾಲದ ಮೇದೋಜೀರಕದ ಉರಿಯೂತ, ಆ ಗ್ರಂಥಿಯ ಶಸ್ತ್ರಚಿಕಿತ್ಸೆ ಆದವರು. ಅವರ ಮಲ ಜಿಡ್ಡಾಗಿ, ನೀರಿನಲ್ಲಿ ತೇಲಿ, ವಿಪರೀತ ನಾರುತ್ತದೆ. ಉಂಡರೂ ತೂಕ ಇಳಿಯುತ್ತದೆ. ಮಲದಲ್ಲಿ ಎಲಾಸ್ಟೇಸ್ (ಮೇದೋಜೀರಕದ ಒಂದು ಕಿಣ್ವ) ಎಷ್ಟಿದೆ ಎಂದು ನೋಡುವ ಪರೀಕ್ಷೆಯಲ್ಲಿ ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಶಂಕೆ ಬಲವಾಗುತ್ತದೆ. ಇವರಿಗೆ ಸಿರಪ್ ಕೊಟ್ಟು ದಿನ ದೂಡುವುದು ತಪ್ಪು. ಬೇಕಾದದ್ದು ಆಮ್ಲಕ್ಕೆ ಕರಗದ ಲೇಪವಿರುವ ಪ್ಯಾಂಕ್ರಿಯಾಟಿನ್ (ಮೇದೋಜೀರಕದ ಕಿಣ್ವಗಳ ಮಿಶ್ರಣ) ಕ್ಯಾಪ್ಸೂಲ್, ಪ್ರತಿ ಮುಖ್ಯ ಊಟಕ್ಕೆ ಸಾಮಾನ್ಯವಾಗಿ 40,000ದಿಂದ 50,000 ಲೈಪೇಸ್ ಯೂನಿಟ್, ವೈದ್ಯರು ಹೇಳಿದ ಹಾಗೆ. ಒಂದಷ್ಟು ಮೊದಲ ತುತ್ತಿನ ಜೊತೆಗೆ, ಉಳಿದದ್ದು ಊಟದ ನಡುವೆ. ಊಟ ಮುಗಿದ ಮೇಲೆ ಒಟ್ಟಿಗೆ ನುಂಗಿದರೆ ಅನ್ನ ಮುಂದೆ ಹೋಗಿ ಕಿಣ್ವ ಹಿಂದೆ ಉಳಿಯುತ್ತದೆ. ಒಳಗಿನ ಕಾಳುಗಳನ್ನು ಜಗಿಯಬಾರದು. ಲೇಪ ಒಡೆದರೆ ಆಮ್ಲ ಲೈಪೇಸನ್ನು ಕೆಡಿಸುತ್ತದೆ, ಬಾಯಿಯೂ ಹುಣ್ಣಾಗುತ್ತದೆ.

ನಮ್ಮ ತೀರ್ಪು: ಆರೋಗ್ಯವಂತ ವಯಸ್ಕರ ಮನೆಯಲ್ಲಿ ಈ ಬಾಟಲಿ ಇರಬೇಕಾದ ಅಗತ್ಯವಿಲ್ಲ. ವೈದ್ಯರು ಬರೆದಿದ್ದರೆ ಉಂಡ ಕೂಡಲೇ ಅಳತೆ ಮುಚ್ಚಳದಲ್ಲಿ 10 ಮಿ.ಲೀ., ದಿನಕ್ಕೆರಡು ಸಲ. ಹತ್ತು ದಿನಕ್ಕೆ ಬಾಟಲಿ ಮುಗಿಯುತ್ತದೆ. ಅಷ್ಟರಲ್ಲಿ ಗುಣ ಕಾಣದಿದ್ದರೆ ಎರಡನೆಯದನ್ನು ಕೊಳ್ಳಬೇಡಿ, ವೈದ್ಯರ ಹತ್ತಿರ ಮರಳಿ ಹೋಗಿ. ನುಂಗಲು ಕಷ್ಟ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿತ, ಪದೇಪದೇ ವಾಂತಿ, ಇವಿದ್ದರೆ ಮೊದಲ ಬಾಟಲಿಯೂ ಬೇಡ. "ಗ್ಯಾಸ್ಟ್ರಿಕ್ ಆಗಿದೆ" ಎಂದುಕೊಂಡ ನೋವು ಎದೆಯನ್ನು ಒತ್ತಿದಂತೆ ಬಂದು, ದವಡೆಗೋ ಎಡಗೈಗೋ ಹರಿದು, ಬೆವರು ಕಿತ್ತುಕೊಂಡು ಬಂದರೆ ಅಳತೆ ಮುಚ್ಚಳ ಹುಡುಕುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಕೂಡಲೇ ಹೋಗಿ.