ಒಂದು ಬಕೆಟ್ ಬಿಸಿನೀರಿಗೆ ಎಷ್ಟು ಖರ್ಚು? ರಾಡ್, ಗೀಸರ್, ಗ್ಯಾಸ್, ಸೋಲಾರ್ ಬಳಸಿ ನೋಡಿದ ಹೋಲಿಕೆ

ಕರೆಂಟ್ ಬಿಲ್ ಜಾಸ್ತಿ ಬಂದ ತಿಂಗಳು ಎಲ್ಲರ ಕಣ್ಣೂ ಮೊದಲು ಲೈಟು, ಫ್ಯಾನಿನ ಮೇಲೆ ಬೀಳುತ್ತದೆ. ಆದರೆ 9 ವ್ಯಾಟಿನ ಎಲ್‌ಇಡಿ ಬಲ್ಬ್ ಒಂದು ಯೂನಿಟ್ ತಿನ್ನಬೇಕಾದರೆ ನೂರು ಗಂಟೆಗೂ ಮೇಲೆ ಉರಿಯಬೇಕು. 2000 ವ್ಯಾಟಿನ ಗೀಸರ್‌ಗೆ ಅರ್ಧ ಗಂಟೆ ಸಾಕು. ಬಿಲ್ ಏರುವುದು ಬಚ್ಚಲುಮನೆಯಲ್ಲಿ. ಬಾಡಿಗೆ ಮನೆಗಳಲ್ಲಿ ಇದ್ದಾಗ ರಾಡ್, ಗ್ಯಾಸ್ ಗೀಸರ್ ಎರಡನ್ನೂ ಬಳಸಿದ್ದೇವೆ. ಈಗ ಬೆಂಗಳೂರಿನ ಸ್ವಂತ ಮನೆಯಲ್ಲಿ ಕರೆಂಟ್ ಗೀಸರ್ ಇದೆ, ತಾರಸಿ ಮೇಲೆ ಸೋಲಾರ್ ಇದೆ. ಮಲೆನಾಡಿನ ಊರಮನೆಯಲ್ಲಿ ಹಂಡೆ ಒಲೆ ಇವತ್ತಿಗೂ ಉರಿಯುತ್ತದೆ.

ಮೊದಲು ಒಂದು ಲೆಕ್ಕ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಿದರೆ ಹದವಾದ ಸ್ನಾನದ ನೀರು. ಅದಕ್ಕೆ ಬೇಕಾಗುವುದು ಸುಮಾರು 0.4 ಯೂನಿಟ್. ರಾಡ್ ಆದರೂ ಅಷ್ಟೇ, ಗೀಸರ್ ಆದರೂ ಅಷ್ಟೇ. 1500 ವ್ಯಾಟಿನ ರಾಡ್ ಕಾಲು ಗಂಟೆ ತೆಗೆದುಕೊಳ್ಳುತ್ತದೆ, 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಎಂಟು ನಿಮಿಷ. ವ್ಯಾಟ್ ಜಾಸ್ತಿ ಇದ್ದರೆ ಬಿಲ್ ಜಾಸ್ತಿ ಬರುತ್ತದೆ ಅಂತ ಅಂಗಡಿಯಲ್ಲಿ ಎಷ್ಟೋ ಜನ ಹಿಂಜರಿಯುತ್ತಾರೆ. ಅಷ್ಟೇ ನೀರು ಕಾಯಿಸುವುದಾದರೆ ವ್ಯಾಟ್ ಜಾಸ್ತಿಯಾದಷ್ಟೂ ಹೊತ್ತು ಕಮ್ಮಿ, ಯೂನಿಟ್ ಅಷ್ಟೇ.

ಇದನ್ನು ಮನೆಯಲ್ಲೇ ನೋಡಬಹುದು. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕುತ್ತದೆ ಅಂತ ಮೀಟರಿನ ಮೇಲೇ ಬರೆದಿರುತ್ತಾರೆ. ನಮ್ಮ ಮೀಟರಿನಲ್ಲಿ 3200. ಫ್ರಿಜ್ ಸಮೇತ ಎಲ್ಲ ಆಫ್ ಮಾಡಿ ಗೀಸರ್ ಒಂದನ್ನೇ ಹಾಕಿದೆವು. ಅಲ್ಲಿವರೆಗೆ ಸುಮ್ಮನಿದ್ದ ದೀಪ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ ಹೊಡೆದುಕೊಳ್ಳತೊಡಗಿತು. ನಮ್ಮ ಮಗಳಂತೂ ಮೀಟರ್ ಬಾಕ್ಸ್ ಮುಂದೆ ನಿಂತು, ಗೀಸರ್ ಕಟ್ ಆಗಿ ದೀಪ ನಿಲ್ಲುವವರೆಗೂ ಕದಲಲಿಲ್ಲ. ಅವತ್ತಿನಿಂದ ಮನೆಯಲ್ಲಿ ಗೀಸರ್ ಸ್ವಿಚ್ ಆಫ್ ಮಾಡಿಸುವ ಜವಾಬ್ದಾರಿ ಅವಳದೇ.

ನಾಲ್ಕು ಜನಕ್ಕೆ ದಿನಕ್ಕೆ ಒಂದೊಂದು ಬಕೆಟ್ ಅಂದರೆ ತಿಂಗಳಿಗೆ 50 ಯೂನಿಟ್ ಹತ್ತಿರ ಹತ್ತಿರ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ 50ಕ್ಕೆ ಬೇರೆಯೇ ತೂಕ ಬಂದಿದೆ. ನಿಮಗೆ ಗೊತ್ತುಮಾಡಿದ ಮಿತಿ ಮೀರಿದರೆ ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಚಳಿಗಾಲದಲ್ಲಿ ನಲ್ಲಿ ನೀರು 20 ಡಿಗ್ರಿಗೆ ಇಳಿದಾಗ ಅದೇ ಬಕೆಟ್‌ಗೆ ಅರ್ಧ ಯೂನಿಟ್ ಬೇಕು. ಡಿಸೆಂಬರ್, ಜನವರಿಯಲ್ಲಿ ಬಿಲ್ ನೋಡಿ ಗಾಬರಿಯಾಗುವವರು ಇದನ್ನು ಮೊದಲು ನೋಡಬೇಕು.

ರಾಡ್ ಕೊಳ್ಳಲು ಅಗ್ಗ. ಬೇಕಾದಷ್ಟೇ ನೀರು ಕಾಯಿಸುವುದರಿಂದ ಕರೆಂಟೂ ದಂಡವಾಗುವುದಿಲ್ಲ. ಖರ್ಚು ಮಾತ್ರ ನೋಡಿದರೆ ಇದಕ್ಕೇ ಮೊದಲ ಸ್ಥಾನ. ಆದರೂ ಮಕ್ಕಳಿರುವ ಮನೆಗೆ ನಾನು ಬೇಡ ಅನ್ನುತ್ತೇನೆ. ನೀರು ಬಿಸಿಯಾಯಿತಾ ಅಂತ ಸ್ವಿಚ್ ಆಫ್ ಮಾಡದೇ ಬೆರಳು ಅದ್ದುವುದು ಎಲ್ಲ ಮನೆಯಲ್ಲೂ ಇರುವ ಅಭ್ಯಾಸ. ಅರ್ಥಿಂಗ್ ಸರಿ ಇಲ್ಲದ ಕಡೆ, ಅದೂ ಸ್ಟೀಲ್ ಬಕೆಟ್‌ನಲ್ಲಿ, ಆ ಒಂದು ಬೆರಳೇ ಜೀವಕ್ಕೆ ಕುತ್ತು. ಇನ್ನೊಂದು ಅಪಾಯ ಪವರ್ ಕಟ್‌ನಿಂದ. ಕರೆಂಟ್ ಹೋಯಿತು ಅಂತ ರಾಡ್ ಎತ್ತಿ ಬಟ್ಟೆಯ ಪಕ್ಕ ಇಟ್ಟು ಹೋಗುತ್ತಾರೆ, ಸ್ವಿಚ್ ಆನ್ ಆಗೇ ಇರುತ್ತದೆ. ಕರೆಂಟ್ ವಾಪಸ್ ಬಂದಾಗ ಬಟ್ಟೆ ಹೊತ್ತಿಕೊಳ್ಳುತ್ತದೆ. ರಾಡೇ ಗತಿ ಅನ್ನುವವರು ಐಎಸ್‌ಐ ಗುರುತು ಇರುವ ಮೂರು ಪಿನ್ನಿನದನ್ನು ತನ್ನಿ. ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ.

ಗ್ಯಾಸ್ ಗೀಸರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಬಿಲ್ ಉಳಿಯುತ್ತದೆ ಅಂತ ಇದನ್ನು ಹಾಕಿಸುವವರು ಬಹಳ. ಒಂದು ಬಕೆಟ್‌ಗೆ ಸುಮಾರು 40 ಗ್ರಾಂ ಗ್ಯಾಸ್ ಬೇಕು. 14.2 ಕೆಜಿ ಸಿಲಿಂಡರ್‌ನಲ್ಲಿ ಸುಮಾರು 350 ಬಕೆಟ್ ಕಾಯುತ್ತದೆ. ಸಿಲಿಂಡರ್‌ಗೆ 900 ರೂಪಾಯಿ ಅಂತ ಇಟ್ಟುಕೊಂಡರೆ ಬಕೆಟ್‌ಗೆ ಎರಡೂವರೆ ರೂಪಾಯಿ. ಕರೆಂಟ್ ಎಲ್ಲ ಸೇರಿ ಯೂನಿಟ್‌ಗೆ ಆರೂವರೆ ಅಂದುಕೊಂಡರೆ ಅದೂ ಎರಡೂವರೆಯ ಆಸುಪಾಸೇ. ಅಂದರೆ ಉಳಿತಾಯ ಅನ್ನುವಷ್ಟು ಏನೂ ಇಲ್ಲ. ಗೃಹಜ್ಯೋತಿ ಮಿತಿಯೊಳಗೆ ಇರುವವರಿಗೆ ಗ್ಯಾಸ್ ಶುದ್ಧ ನಷ್ಟ.

ಅಪಾಯದ ವಿಷಯ ಇನ್ನೂ ದೊಡ್ಡದು. ನಮ್ಮ ಬಾಡಿಗೆ ಮನೆಯಲ್ಲಿ ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೇ ಕೂರಿಸಿದ್ದರು. ಕಿಟಕಿ ಚಿಕ್ಕದು. ಒಂದು ಚಳಿಗಾಲದ ಬೆಳಿಗ್ಗೆ ಅದನ್ನೂ ಮುಚ್ಚಿಕೊಂಡು ಸ್ನಾನ ಮಾಡಿದ ನನ್ನ ಹೆಂಡತಿ ತಲೆ ಸುತ್ತು ಅಂತ ಬಾಗಿಲು ಹಿಡಿದುಕೊಂಡೇ ಹೊರಗೆ ಬಂದಳು. ಗ್ಯಾಸ್ ಲೀಕ್ ಆಗಿರಲಿಲ್ಲ, ವಾಸನೆಯೂ ಇರಲಿಲ್ಲ. ಗಾಳಿ ಸಾಲದಾಗ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದೇ ಹಿಡಿದುಕೊಳ್ಳುತ್ತದೆ. ಸಿಲಿಂಡರ್ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಲೀಕ್ ಆದರೆ ಗೊತ್ತಾಗುತ್ತದೆ. ಇದು ಗೊತ್ತಾಗುವುದೇ ಇಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ತೀರಿಕೊಂಡ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಮನೆಯಲ್ಲೂ ಬಚ್ಚಲೊಳಗೇ ಇದ್ದರೆ ದಯವಿಟ್ಟು ಈ ವಾರವೇ ಯುಟಿಲಿಟಿ ಕಡೆಗೋ ಬಾಲ್ಕನಿಗೋ ಹಾಕಿಸಿ, ಪೈಪ್ ಮಾತ್ರ ಒಳಗೆ ಬರಲಿ. ಓನರ್ ಒಪ್ಪದಿದ್ದರೆ ಬಳಸಲೇಬೇಡಿ. ಉರಿ ನೀಲಿ ಬಿಟ್ಟು ಹಳದಿಗೆ ತಿರುಗಿದರೆ ಆಗಲೇ ಆಫ್ ಮಾಡಿ ಸರ್ವಿಸ್ ಮಾಡಿಸಿ.

ಇನ್ನು ನೀರು ತುಂಬಿಟ್ಟುಕೊಳ್ಳುವ ಕರೆಂಟ್ ಗೀಸರ್. 15 ಲೀಟರಿನದು 60 ಡಿಗ್ರಿಗೆ ಕಾದರೆ ತಣ್ಣೀರು ಬೆರೆಸಿ ಒಂದೂವರೆ ಬಕೆಟ್ ಆಗುತ್ತದೆ, ಖರ್ಚು 0.6 ಯೂನಿಟ್. ದಂಡವಾಗುವುದು ಇಡೀ ದಿನ ಆನ್ ಬಿಟ್ಟಾಗ. ಯಾರೂ ಬಳಸದಿದ್ದರೂ ನೀರು ಆರುತ್ತದೆ, ಮತ್ತೆ ಕಾಯುತ್ತದೆ. ಗೀಸರ್ ಮೇಲಿನ ಸ್ಟಾರ್‌ಗಳು ಹೇಳುವುದು ಇದನ್ನೇ: ಸುಮ್ಮನೆ ನಿಂತಾಗ ಎಷ್ಟು ಬಿಸಿ ಸೋರಿಹೋಗುತ್ತದೆ ಅಂತ. ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಾಕಿ, ನೀರು ಕಾದ ಮೇಲೆ ಆಫ್ ಮಾಡಿ, ಒಬ್ಬರಾದ ಮೇಲೆ ಒಬ್ಬರು ಸ್ನಾನ ಮುಗಿಸಿದರೆ ಉಳಿತಾಯ ಬಿಲ್‌ನಲ್ಲೇ ಕಾಣುತ್ತದೆ. ಶವರ್ ಬಿಟ್ಟು ಬಕೆಟ್‌ಗೆ ಬಂದಿದ್ದೂ ನಮಗೆ ಒಳ್ಳೆಯದೇ ಆಯಿತು. ಶವರ್‌ನಲ್ಲಿ ಎರಡು ಬಕೆಟ್ ನೀರು ಹೋಗಿದ್ದೇ ತಿಳಿಯುವುದಿಲ್ಲ.

ಬೋರ್‌ವೆಲ್ ನೀರಿನ ಏರಿಯಾದಲ್ಲಿ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ಕಾಯುವುದು ತಡವಾಗುತ್ತದೆ, ಕಾಯಿಲ್ ಬೇಗ ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಕ್ಲೀನ್ ಮಾಡಿಸಿ. ಜೊತೆಗೆ ನೀರು ಕಾದ ಮೇಲೆ ಕರೆಂಟ್ ಕಟ್ ಮಾಡುವ ಥರ್ಮೋಸ್ಟಾಟ್, ಒಳಗಿನ ಒತ್ತಡ ಹೊರಬಿಡುವ ಸೇಫ್ಟಿ ವಾಲ್ವ್ ಎರಡನ್ನೂ ನೋಡಿಸಿ. ಇವೆರಡೂ ಒಟ್ಟಿಗೆ ಕೈಕೊಟ್ಟಾಗಲೇ ಗೀಸರ್ ಸಿಡಿಯುವುದು. ಇನ್‌ಸ್ಟಂಟ್ ಗೀಸರ್ ಒಬ್ಬಿಬ್ಬರಿಗೆ, ಅಡುಗೆಮನೆ ಸಿಂಕ್‌ಗೆ ಚೆನ್ನ. ಆದರೆ 3000 ವ್ಯಾಟ್ ಅಂದರೆ 13 ಆಂಪ್ಸ್. 16 ಆಂಪ್ಸ್ ಸಾಕೆಟ್ ಇಲ್ಲದೆ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಚುಚ್ಚಿದರೆ ವೈರ್ ಕರಗುತ್ತದೆ.

ಸೋಲಾರ್ ಬಂದ ಮೇಲೆ ನಮ್ಮ 50 ಯೂನಿಟ್‌ನಲ್ಲಿ ಬಿಸಿಲಿರುವ ತಿಂಗಳುಗಳ ಪಾಲು ಪೂರ್ತಿ ಉಳಿಯಿತು. ವರ್ಷಕ್ಕೆ ಎರಡೂವರೆ ಸಾವಿರದ ಹತ್ತಿರ. ಜೂನ್, ಜುಲೈನಲ್ಲಿ ಮೋಡ ಕವಿದರೆ ಗೀಸರ್ ಬೇಕೇ ಬೇಕು. ಮಲೆನಾಡಿನ ಮಳೆಗಾಲಕ್ಕಂತೂ ಸೋಲಾರ್ ನೆಚ್ಚಿಕೊಳ್ಳುವ ಹಾಗಿಲ್ಲ. ತಾರಸಿಯಿಂದ ಕೆಳಗೆ ಬರುವ ಪೈಪಿನಲ್ಲಿ ನಿಂತ ತಣ್ಣೀರನ್ನು ನಾವು ಬೇರೆ ಬಕೆಟ್‌ಗೆ ಹಿಡಿದು ಬಟ್ಟೆಗೆ ಬಳಸುತ್ತೇವೆ. ಗೀಸರ್ ಹಾಕಿಯೂ ನಿಮ್ಮ ಬಿಲ್ ಗೃಹಜ್ಯೋತಿ ಮಿತಿ ದಾಟುತ್ತಿಲ್ಲ ಅಂದರೆ ಸೋಲಾರ್‌ಗೆ ಹಾಕಿದ ದುಡ್ಡು ಬೇಗ ವಾಪಸ್ ಬರುವುದಿಲ್ಲ. 200ರ ಅಂಚಿನಲ್ಲಿರುವವರಿಗೆ, ಸ್ವಂತ ತಾರಸಿ ಇರುವವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಊರಮನೆಯ ಹಂಡೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಸಾಕು, ಖರ್ಚು ಸೊನ್ನೆ. ಹೊಗೆ ಹೋಗಲು ಒಳ್ಳೆಯ ಚಿಮಣಿ ಇರಬೇಕು, ಅಷ್ಟೇ.

ಬಾಡಿಗೆ ಮನೆಯವರು ಕೇಳಿದರೆ 15 ಲೀಟರಿನ ಕರೆಂಟ್ ಗೀಸರ್ ಅನ್ನುತ್ತೇನೆ. ಮನೆ ಬದಲಿಸುವಾಗ ಬಿಚ್ಚಿಕೊಂಡು ಹೋಗಬಹುದು. ಯಾವುದನ್ನೇ ಹಾಕಿಸಿದರೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ಥಿಂಗ್ ಟೆಸ್ಟ್ ಮಾಡಿಸಿ, ಬೋರ್ಡಿನಲ್ಲಿ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಕಟ್ ಮಾಡುವ ಸ್ವಿಚ್) ಹಾಕಿಸಿ. ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಒತ್ತಿದ ಕೂಡಲೇ ಕರೆಂಟ್ ಹೋಗಬೇಕು. ಹೋಗದಿದ್ದರೆ ಅವತ್ತೇ ಬದಲಾಯಿಸಿ.